ಒಲೆಯ ಬಾಯಿಂದ ಒಂದು ಹೆಜ್ಜೆ ಹಿಂದೆ

ಕುತಾಯಿಸಿಯಲ್ಲಿ ಬೆಳಗಿನ ಐದಕ್ಕೆ
ನಮ್ಮ ಬೀದಿಯಲ್ಲಿ ಎಚ್ಚರವಿರುವುದು ಎರಡೇ:
ರಿಯೋನಿ ಹೊಳೆ, ಮತ್ತೆ ನಮ್ಮ ತೋನೆ.
ತೋನೆಯೆಂದರೆ ಹಗೇವಿನ ಹಾಗೊಂದು ಮಣ್ಣಿನ ಒಲೆ,
ಒಳಗೆ ಕಾಳಿನ ಬದಲು ಕೆಂಡ;
ಸೊಂಟ ಬಗ್ಗಿಸಿ, ತಲೆ ಇಳಿಸಿ,
ಅದರ ಸುಡುಗೋಡೆಗೆ ಹಿಟ್ಟು ಬಡಿಯಬೇಕು.
ಹನ್ನೊಂದು ವರ್ಷ ಬಡಿದಿದ್ದೇನೆ.
ಎರಡು ಸಲ ಹುಬ್ಬು ಸುಟ್ಟುಕೊಂಡಿದ್ದೇನೆ.
ಬವಳಿ ಎಂಬುದನ್ನು ಮಾತ್ರ ಕಂಡಿರಲಿಲ್ಲ.

ಮೂವತ್ತೈದನೆಯ ವಾರ, ಗುರುವಾರ,
ನಲವತ್ತನೆಯ ರೊಟ್ಟಿಯೋ ನಲವತ್ತೊಂದನೆಯದೋ,
ಲೆಕ್ಕ ಅಲ್ಲಿಗೇ ನಿಂತಿದೆ.
ಮೊದಲು ಸದ್ದು ಹೋಯಿತು.
ಆಮೇಲೆ ಕಣ್ಣು ಅಂಚಿನಿಂದ ಕಪ್ಪಾಯಿತು,
ಸೀದ ರೊಟ್ಟಿಯ ಹಾಗೆ, ಒಳಮುಖವಾಗಿ.
ಯಾರೋ ಚಾಪೆ ಸುತ್ತಿದಂತೆ
ನೆಲ ನನ್ನ ಕಾಲಡಿಯಿಂದ ಸುತ್ತಿಕೊಂಡಿತು.
ಬಿದ್ದೆ ಅನ್ನುವಷ್ಟರಲ್ಲಿ
ಏಪ್ರನ್ನಿನ ಗಂಟಿಗೆ ಒಂದು ಕೈ ಬಿತ್ತು: ಲಮಾರಾ.
ಅರವತ್ತೇಳರ ಲಮಾರಾ, ಮುಂಬಲ್ಲಿಗೆ ಚಿನ್ನ ಕಟ್ಟಿಸಿದ ಲಮಾರಾ,
‘ಕೂತ್ಕೋ’ ಅಂದಳು. ಕೂರಲಿಲ್ಲ.
‘ಬಿದ್ದರೆ ಇಬ್ಬರು ಬೀಳ್ತೀರಿ’ ಅಂದಳು. ಕೂತೆ.

ಹಿಟ್ಟಿನ ಮೂಟೆಯ ಮೇಲೆ, ಮಂಡಿ ಅಗಲಿಸಿ,
ಹೊಟ್ಟೆ ಬಿಟ್ಟಷ್ಟು ತಲೆ ತಗ್ಗಿಸಿ.
ಬಾಗಿಲು ತೆರೆದಳು. ಅಕ್ಟೋಬರಿನ ಗಾಳಿ
ಬೆವರಿನ ಮೇಲೆ ತಣ್ಣನೆಯ ಅಂಗೈಯಿಟ್ಟಿತು.
ಕತ್ತಿಗೆ ಒದ್ದೆ ಬಟ್ಟೆ. ನೀರು, ಗುಟುಕು ಗುಟುಕಾಗಿ.
ಆಮೇಲೆ ಒಂದು ಚೂರು ಉಪ್ಪುಪ್ಪು ಚೀಸ್.
ಒಳಗಿನವನೋ ಒಳಗಿನವಳೋ
ಒಮ್ಮೆ ಒದ್ದು ಹಾಜರಿ ಕೊಟ್ಟಿತು.
ಆಗ ಅಳು ಬಂತು. ಅಲ್ಲಿಯವರೆಗೆ ಇಲ್ಲ.

ಡಾಕ್ಟರ್ ಇರ್ಮಾ ತೋಳಿನ ಪಟ್ಟಿ ಬಿಚ್ಚುತ್ತ
ಬೈಯಲಿಲ್ಲ, ಅದೇ ಬೈದ ಹಾಗಿತ್ತು.
‘ಅಂಗಾತ ಮಲಗ್ತೀಯಾ?’
‘ಇನ್ನು ಹೇಗೆ ಮಲಗಲಿ?’
‘ಅಷ್ಟು ಭಾರ ದೊಡ್ಡ ರಕ್ತನಾಳದ ಮೇಲೆ ಕೂರುತ್ತೆ,
ಹೊಳೆಗೆ ಬಂಡೆ ಉರುಳಿದ ಹಾಗೆ. ಮಗ್ಗುಲಾಗು, ಎಡಕ್ಕೆ.’
ರಕ್ತ ತೆಗೆದರು, ಕಬ್ಬಿಣದ ಗುಳಿಗೆ ಬರೆದರು,
ಮತ್ತೆ ಹೀಗಾದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ
ಬಸ್ಸಿಗೆ ಕಾಯದೆ ಬಾ ಅಂದರು.
ಒಲೆಯ ಕೆಲಸದ ಬಗ್ಗೆ ಕೇಳಿದೆ.
ಕನ್ನಡಕದ ಮೇಲಿಂದ ನೋಡಿದರು, ಅಷ್ಟೇ.

ಎಡಮಗ್ಗುಲಲ್ಲಿ ಎದ್ದವರ ದಿನ ಕೆಡುತ್ತದಂತೆ.
ನಾನೀಗ ಎಡಮಗ್ಗುಲಲ್ಲೇ ಏಳುವವಳು, ಅದೂ ಕಂತಿನಲ್ಲಿ:
ಮೊದಲು ಕಣ್ಣು,
ಆಮೇಲೆ ಮೊಣಕೈ,
ಮಂಚದಂಚಿಗೆ ಕಾಲು ಇಳಿಬಿಟ್ಟು
ಓತಾರ್ ಎರಡೂ ಷೂ ಕಟ್ಟಿಕೊಳ್ಳುವಷ್ಟು ಹೊತ್ತು ಕೂತು,
ಗೋಡೆಗೆ ಒಂದು ಮಾತು ಹೇಳಿ, ಆಮೇಲೆ ನೆಲಕ್ಕೆ.
ಎದ್ದ ಕೂಡಲೇ ಓಡುತ್ತಿದ್ದವಳು ಯಾರೋ ಬೇರೆಯವಳು;
ಅವಳ ಚಪ್ಪಲಿ ಮಾತ್ರ ನನ್ನಲ್ಲಿದೆ,
ಅದೂ ಈಗ ಕಾಲಿಗೆ ಹಿಡಿಸುವುದಿಲ್ಲ.

ಕಿಟಕಿಯ ಬಳಿಯ ಸ್ಟೂಲು ಈಗ ನನ್ನದು.
ರೊಟ್ಟಿ ಕೊಡುವುದು, ಚಿಲ್ಲರೆ ಎಣಿಸುವುದು,
ಜೇಬಿನ ವಾಲ್‌ನಟ್ಟು ಆಗಾಗ ಬಾಯಿಗೆ ಹಾಕುವುದು.
ಸಾಲಿನಲ್ಲಿ ನಿಂತವರೆಲ್ಲ ಸೂಲಗಿತ್ತಿಯರೇ:
ಹೊಟ್ಟೆ ಚೂಪು, ಗಂಡು; ಮೂಗು ಊದಿದೆ, ಹೆಣ್ಣು.
ಒಬ್ಬ ಮುದುಕ ಮಾತ್ರ ದಿನವೂ
ಒಂದು ದಾಳಿಂಬೆ ಇಟ್ಟು ಮಾತಾಡದೆ ಹೋಗುತ್ತಾನೆ.

ಬೆನ್ನ ಹಿಂದೆ ಲಮಾರಾ ಬಗ್ಗುತ್ತಾಳೆ, ಏಳುತ್ತಾಳೆ,
ಎದ್ದಾಗ ಒಂದು ಗಳಿಗೆ
ಗೋಡೆ ಹಿಡಿದು ನಿಲ್ಲುತ್ತಾಳೆ.
ಇಷ್ಟು ವರ್ಷ ಪಕ್ಕದಲ್ಲೇ ನಿಂತು ನಾನಿದನ್ನು ಕಂಡಿರಲಿಲ್ಲ.
‘ನಿಂಗೂ ಸುತ್ತುತ್ತಾ?’
‘ಎಪ್ಪತ್ತೊಂಬತ್ತರಿಂದ. ಗುರಾಮ್ ಹೊಟ್ಟೇಲಿದ್ದಾಗ,
ಇಲ್ಲೇ, ಇದೇ ಒಲೆ.
ಆಗ ಹಿಡಿಯೋರು ಯಾರೂ ಇರಲಿಲ್ಲ.’
ಆಮೇಲೇನಾಯಿತು ಅಂತ ಕೇಳಲಿಲ್ಲ.
ಅವಳ ಮುಂಗೈಯ ಹಳೆಯ ಕಲೆ
ಉದ್ದಕ್ಕೆ, ಒಂದು ರೊಟ್ಟಿಯ ಆಕಾರಕ್ಕಿದೆ.

ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ,
ಅವಳ ಏಪ್ರನ್ನಿನ ಗಂಟು
ಕೈಗೆಟುಕುವಷ್ಟು.